ಸತ್ಯಾಂಶ: ‘ಮನೆಯಲ್ಲೇ ಹಾಲು ಕುಡಿಸಿ ಬನ್ನಿ’ ಎನ್ನುವುದು ಅಷ್ಟು ಸುಲಭವೇ?

‘ಹೊರಡುವ ಮುನ್ನ ಮನೆಯಲ್ಲೇ ಕುಡಿಸಿ, ಇಲ್ಲವೇ ಬಾಟಲಿಯಲ್ಲಿ ತುಂಬಿ ತನ್ನಿ, ಬಸ್ಸು, ಪಾರ್ಕುಗಳಲ್ಲಿ ಎದೆಹಾಲು ಕೊಡುವುದು ಬರೀ ಹಟ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಸುತ್ತುತ್ತಿರುತ್ತದೆ. ಕೇಳಲು ಸರಳ. ಆದರೆ ಹಸುಗೂಸು ಗಡಿಯಾರ ನೋಡಿ ಹಸಿಯುವುದಿಲ್ಲ.

ಮೊದಲ ವಾರಗಳಲ್ಲಿ ಮಗು 24 ಗಂಟೆಗಳಲ್ಲಿ ಸಾಮಾನ್ಯವಾಗಿ 8ರಿಂದ 12 ಬಾರಿ ಹಾಲು ಕುಡಿಯುತ್ತದೆ. ಅಂದರೆ ಎರಡು–ಮೂರು ಗಂಟೆಗೊಮ್ಮೆ, ಕೆಲವೊಮ್ಮೆ ಇನ್ನೂ ಬೇಗ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಅದೂ ಮಗು ಕೇಳಿದಾಗಲೆಲ್ಲ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇನ್ನು ಬಾಟಲಿ. ಹಾಲು ಹಿಂಡಿಡಲು ಸಮಯ ಬೇಕು, ಶುಚಿಯಾದ ಪಾತ್ರೆ ಬೇಕು. ತಂಪಿಲ್ಲದೆ ಅದನ್ನು ಸುಮಾರು 4 ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು, ಸೆಕೆಯಿದ್ದರೆ ಇನ್ನೂ ಕಡಿಮೆ. ಬಾಟಲಿಗೆ ಬಾಯಿಯೇ ಹಾಕದ ಮಕ್ಕಳೂ ಇದ್ದಾರೆ. ಕುಡಿಸುವುದು ತಡವಾದರೆ ತಾಯಿಯ ಎದೆ ಬಿಗಿದು ನೋಯುತ್ತದೆ. ಪದೇ ಪದೇ ಹೀಗಾದರೆ ಹಾಲೇ ಕಡಿಮೆಯಾಗಬಹುದು. ಈ ನೋವಿನ ಸುದ್ದಿ ಮಾತ್ರ ಫಾರ್ವರ್ಡ್‌ಗಳಲ್ಲಿ ಇರುವುದಿಲ್ಲ.

‘ಶೌಚಾಲಯಕ್ಕೆ ಹೋಗಲಿ’ ಎನ್ನುವವರು ತಮ್ಮ ಊಟಕ್ಕೆ ಅಲ್ಲಿ ಕೂರುತ್ತಾರೆಯೇ? ಶಾಲು ಹೊದ್ದುಕೊಳ್ಳುವುದು ತಾಯಿಗೆ ಹಿತವೆನಿಸಿದರೆ ಸರಿ; ಕೊಸರಾಡಿ ಅದನ್ನು ಎಳೆದು ಹಾಕುವ ಕೂಸುಗಳಿಗೇನೂ ಕೊರತೆಯಿಲ್ಲ. ಹಾಲೂಡಿಸುವ ಕೋಣೆ ಇದ್ದರೆ ಅನುಕೂಲವೇ, ಆದರೆ ಅಲ್ಲಿಗೇ ಹೋಗಬೇಕೆಂದು ಅಟ್ಟುವುದು ಬೇರೆ ಮಾತು. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆಯ ಪ್ರಕಾರ, ಎದೆಹಾಲು ಕೊಡುತ್ತಿದ್ದಾಳೆಂಬ ಕಾರಣಕ್ಕೆ ತಾಯಿಯನ್ನು ಹೋಟೆಲು, ಅಂಗಡಿಯಿಂದ ಎಬ್ಬಿಸಿ ಕಳಿಸುವುದೇ ಕಾನೂನುಬಾಹಿರ.