ಉಗುರಿಗೇ ಉದುರುವ ಕಲ್ಲು

ಅಪ್ಪ ಬಾದಾಮಿಯ ಕಡೆಯವರು. ಬಂಡೆ ಕಂಡರೆ ಮುಟ್ಟದೆ ಮುಂದೆ ಹೋಗುವವರಲ್ಲ. ಕಳೆದ ವಸಂತದಲ್ಲಿ ಅವರನ್ನೂ ಅಮ್ಮನನ್ನೂ ಇಲಿನಾಯ್ ನದಿಯ ದಂಡೆಯಲ್ಲಿರುವ ಸ್ಟಾರ್ವ್ಡ್ ರಾಕ್ ಸ್ಟೇಟ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಷಿಕಾಗೋದಿಂದ ಕಾರಿನಲ್ಲಿ ಒಂದೂವರೆ, ಎರಡು ಗಂಟೆಯ ದಾರಿ. ಫ್ರೆಂಚ್ ಕ್ಯಾನ್ಯನ್ ಎಂಬ ಕಮರಿಯೊಳಗೆ ಹೋದದ್ದೇ ತಡ, ಅಪ್ಪ ಗೋಡೆಗೆ ಕೈಯಿಟ್ಟರು. ಬೆರಳಿಗೆ ಮರಳು ಅಂಟಿತು. “ನೋಡುವುದಕ್ಕೆ ನಮ್ಮೂರ ಕಲ್ಲಿನಂತೆಯೇ ಇದೆ. ಆದರೆ ಇದಕ್ಕೆ ಉಳಿ ಬೇಡ, ಉಗುರು ಸಾಕು” ಎಂದರು.

ಅಪ್ಪ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಸಿಮೆಂಟ್ ಪರೀಕ್ಷೆ ಮಾಡಿದವರು. ನಮ್ಮಲ್ಲಿ ಆ ಪರೀಕ್ಷೆಗೆ ಬಳಸುವುದು ತಮಿಳುನಾಡಿನ ಎನ್ನೋರಿನ ಮರಳು. ಅಮೆರಿಕದಲ್ಲಿ ಅದೇ ಕೆಲಸಕ್ಕೆ ಈ ಪಾರ್ಕಿನ ಪಕ್ಕದ ಒಟ್ಟಾವಾ ಊರಿನ ಮರಳು ಹೆಸರುವಾಸಿ. ಒಟ್ಟಾವಾದ ಮರಳೂ ಈ ಕಮರಿಯ ಗೋಡೆಯೂ ಒಂದೇ ಶಿಲೆಯದು, ಸೇಂಟ್ ಪೀಟರ್ ಮರಳುಗಲ್ಲು: ಸುಮಾರು 45 ಕೋಟಿ ವರ್ಷಗಳ ಹಿಂದೆ ಸಮುದ್ರತೀರದಲ್ಲಿ ಬಿದ್ದ, ಬಹುತೇಕ ಶುದ್ಧ ಸ್ಫಟಿಕದ ಕಣಗಳು. ಕಣಗಳನ್ನು ಹಿಡಿದಿಡುವ ಬೆಸುಗೆ ಮಾತ್ರ ತೀರ ದುರ್ಬಲ. ಆದ್ದರಿಂದಲೇ ಹಿಮಯುಗದ ಕೊನೆಯಲ್ಲಿ ಕರಗಿದ ನೀರಿನ ಮಹಾಪೂರ ಇಲ್ಲಿ ನದಿಕಣಿವೆಯನ್ನು ಆಳವಾಗಿ ಅಗೆಯಿತು, ಆಮೇಲೆ ಸಣ್ಣಪುಟ್ಟ ತೊರೆಗಳೇ ಹದಿನೆಂಟು ಕಮರಿಗಳನ್ನು ಕೊರೆದವು.

ಅದೇ ಮೆತ್ತನೆಯ ಗೋಡೆಯಲ್ಲಿ ಕೈ ಎಟಕುವಷ್ಟು ಎತ್ತರಕ್ಕೂ ಹೆಸರುಗಳು, ಇಸವಿಗಳು, ಹೃದಯದ ಚಿತ್ರಗಳು. ನಾವು ನಿಂತಿದ್ದಾಗಲೇ ಎಂಟು ಹತ್ತು ವರ್ಷದ ಹುಡುಗನೊಬ್ಬ ಕಾರಿನ ಕೀಲಿಯಿಂದ ಗೀಚುತ್ತಿದ್ದ. ಅವನ ಮನೆಯವರು ಕನ್ನಡದಲ್ಲೇ ಮಾತನಾಡುತ್ತ ಫೋಟೋ ತೆಗೆಯುತ್ತಿದ್ದರು. ನನಗೆ ಸಿಟ್ಟು ಬಂತು. ಅಪ್ಪ ನನ್ನನ್ನು ತಡೆದು, ಹುಡುಗನ ಪಕ್ಕದಲ್ಲಿ ಮೊಣಕಾಲೂರಿ ಕೂತು, “ಪುಟ್ಟಾ, ನಿನ್ನ ಹೆಸರು ನನಗೆ ಹೇಳು. ನಾನು ನೆನಪಿಟ್ಟುಕೊಳ್ಳುತ್ತೇನೆ” ಎಂದರು. ಅವನು ಹೇಳಿದ. ಕೀಲಿ ಜೇಬಿಗೆ ಹೋಯಿತು. ಅಪ್ಪ ಊರಿಗೆ ಮರಳಿ ತಿಂಗಳುಗಳಾದರೂ ಆ ಹೆಸರನ್ನು ಮರೆತಿಲ್ಲ.

ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನ ಇಂದಿಗೂ ಉಳಿದಿದೆ. ಆ ಕಲ್ಲು ಗಟ್ಟಿ, ಕೆತ್ತಿದವರಿಗೆ ಕಾರಣವೂ ಇತ್ತು. ಸ್ಟಾರ್ವ್ಡ್ ರಾಕಿನಲ್ಲಿ ಗೀಚಿದ ಹೆಸರು ಅಷ್ಟು ಕಾಲ ನಿಲ್ಲುವುದಿಲ್ಲ, ತನ್ನೊಡನೆ ಗೋಡೆಯನ್ನೂ ಒಂದಿಷ್ಟು ಉದುರಿಸಿಕೊಂಡು ಹೋಗುತ್ತದೆ. ಕಾಲುದಾರಿ ಬಿಟ್ಟು ತುಳಿಯುವುದೂ ಇಷ್ಟೇ ಕೆಟ್ಟದ್ದು. ತುಳಿದ ಕಡೆ ಗಿಡ ಸಾಯುತ್ತದೆ, ಬೇರು ಹಿಡಿದಿದ್ದ ಮಣ್ಣು ಮಳೆಗೆ ಜಾರುತ್ತದೆ, ಕಮರಿಯ ಅಂಚು ಸಡಿಲವಾಗುತ್ತದೆ. ಆ ಅಂಚಿನಿಂದ ಬಿದ್ದು ಸತ್ತವರಿದ್ದಾರೆ. ಮರದ ಮೆಟ್ಟಿಲು, ಕಟಕಟೆ, ‘ದಾರಿ ಬಿಡಬೇಡಿ’ ಎಂಬ ಫಲಕಗಳನ್ನು ಕಂಡು ‘ಇಲ್ಲಿ ಏನೂ ಮಾಡಲು ಬಿಡುವುದಿಲ್ಲ’ ಎಂದು ಗೊಣಗುವ ಸ್ನೇಹಿತರಿಗೆ ನಾನು ಹೇಳುವುದಿಷ್ಟು: 1911ರಲ್ಲಿ ರಾಜ್ಯ ಸರ್ಕಾರ ಈ ಜಾಗವನ್ನು ಕೊಂಡು ಎಲ್ಲರಿಗೂ ತೆರೆದಿಟ್ಟಿತು. ಆ ಕಟಕಟೆ ಇರುವುದರಿಂದಲೇ ಎಪ್ಪತ್ತು ದಾಟಿದ ಅಮ್ಮ ಪಾರ್ಕಿಗೆ ಹೆಸರು ಕೊಟ್ಟ ಬಂಡೆಯ ತುದಿಯವರೆಗೆ ಹತ್ತಿದರು.

ಮೇಲಿಂದ ನದಿ ಅಗಲವಾಗಿ ಕಾಣುತ್ತದೆ. ಅಣೆಕಟ್ಟು, ಸರಕು ತುಂಬಿದ ದೋಣಿಗಳು, ನಡುವೆ ಪ್ಲಮ್ ದ್ವೀಪ. ಈ ಬಂಡೆಯ ಮೇಲೆ ಇಲ್ಲಿನ ಮೂಲನಿವಾಸಿಗಳಾದ ಇಲಿನಿ ಜನರು ಶತ್ರುಗಳ ಮುತ್ತಿಗೆಗೆ ಸಿಕ್ಕಿ ಹಸಿವಿನಿಂದ ಸತ್ತರು ಎಂಬ ಐತಿಹ್ಯದಿಂದಲೇ ಜಾಗಕ್ಕೆ ಆ ಹೆಸರು. ಅದನ್ನು ಕೇಳಿದ ಮೇಲೆ ಅಮ್ಮ ಅಲ್ಲಿ ಬುತ್ತಿ ಬಿಚ್ಚಲು ಒಪ್ಪಲಿಲ್ಲ. ಕೆಳಗಿಳಿದು, ನದಿಯ ಪಕ್ಕ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು.

ಹೋಗುವವರು ವಸಂತದಲ್ಲಿ, ಮಳೆ ಬಂದ ಮರುದಿನ ಹೋಗಿ. ಇಲ್ಲಿನ ಜಲಪಾತಗಳು ಬಾದಾಮಿಯ ಅಕ್ಕ-ತಂಗಿ ಜಲಪಾತದ ಹಾಗೆ, ನೀರು ಬಂದಾಗ ಮಾತ್ರ ಇರುತ್ತವೆ. ಬೇಸಿಗೆಯ ವಾರಾಂತ್ಯದ ಜನಜಂಗುಳಿ ಬೇಡವೆನ್ನುವವರಿಗೆ ಜನವರಿ ಒಳ್ಳೆಯದು. ಅಣೆಕಟ್ಟಿನ ಕೆಳಗೆ ನೀರು ಹೆಪ್ಪುಗಟ್ಟುವುದಿಲ್ಲವಾದ್ದರಿಂದ ಮೀನು ಹುಡುಕಿಕೊಂಡು ಬಿಳಿತಲೆಯ ಹದ್ದುಗಳು (ಬಾಲ್ಡ್ ಈಗಲ್) ಬರುತ್ತವೆ. ದುರ್ಬೀನು ಒಯ್ಯಿರಿ. ಮಕ್ಕಳ ಕೈಯಲ್ಲಿ ಕೀಲಿ ಕೊಡಬೇಡಿ.