ಏನೂ ಮಾಡದವರ ಜಾತ್ರೆ

ಫೆಬ್ರವರಿಯ ಮೊದಲ ವಾರ ಫ್ರಾನ್ಸಿನ ಜೂರಾ ಸೀಮೆಯಲ್ಲಿ ಮನೆಯಿಂದ ಹೊರಗೆ ಕಾಲಿಡಲು ಸಕಾರಣವೇನೂ ಇರುವುದಿಲ್ಲ. ದ್ರಾಕ್ಷಿ ಬಳ್ಳಿಗಳು ಎಲೆಯನ್ನೆಲ್ಲ ಕಳೆದುಕೊಂಡು ಒಣ ಕಡ್ಡಿಗಳಾಗಿ ನಿಂತಿರುತ್ತವೆ. ಬೆಟ್ಟದಾಚೆಗೆ ಸ್ವಿಟ್ಜರ್ಲೆಂಡ್ ಇದೆ ಎಂಬುದನ್ನು ಭೂಪಟ ನೋಡದೆ ಚಳಿಯಿಂದಲೇ ತಿಳಿಯಬಹುದು. ಇಂಥ ಹೊತ್ತನ್ನು ಆರಿಸಿಕೊಂಡು ಅಲ್ಲಿನವರು ಬೀದಿಯಲ್ಲಿ ನಿಂತು ತಿಂದು ಕುಡಿಯುವ ಹಬ್ಬವೊಂದನ್ನು ಮಾಡುತ್ತಾರೆ. 1997ರಲ್ಲಿ ಶುರುವಾದ ಈ ಹಬ್ಬದ ಹೆಸರು ‘ಪೆರ್ಸೆ ದ್ಯು ವ್ಯಾಂ ಜೋನ್’. ಹಳದಿ ವೈನಿನ ಪೀಪಾಯಿಗೆ ತೂತು ಹಾಕುವುದೇ ಅದರ ಮುಖ್ಯ ಕಾರ್ಯಕ್ರಮ.

ಸಾಮಾನ್ಯವಾಗಿ ದ್ರಾಕ್ಷಿ ಸೀಮೆಯ ಹಬ್ಬಗಳು ಸುಗ್ಗಿಯ ಆಸುಪಾಸಿನಲ್ಲಿ ಬರುತ್ತವೆ. ಜರ್ಮನಿಯ ಬಾಡ್ ಡ್ಯುರ್ಕ್‌ಹೈಮ್‌ನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ನಡೆಯುವ ಜಾತ್ರೆಯಲ್ಲಿ ವೈನನ್ನು ಅರ್ಧ ಲೀಟರಿನ ಲೋಟದಲ್ಲಿ ಕೊಡುತ್ತಾರೆ. ಅದು ಸುಲಭವಾಗಿ ಅರ್ಥವಾಗುವ ಹಬ್ಬ: ಬೆಳೆ ಬಂತು, ಬಿಸಿಲು ಇನ್ನೂ ಇದೆ, ಕುಡಿಯೋಣ. ಜೂರಾದ ತರ್ಕ ಬೇರೆ. ಇಲ್ಲಿ ಬಾಯಿ ಬಿಡುವ ಪೀಪಾಯಿಯೊಳಗಿನ ದ್ರಾಕ್ಷಿಯನ್ನು ಕೊಯ್ದು ಆರು ವರ್ಷ ದಾಟಿರುತ್ತದೆ. ಆ ಕೊಯ್ಲಿನ ದಿನ ಹುಟ್ಟಿದ ಕೂಸು ಈಗ ಶಾಲೆಗೆ ಹೋಗಿ ಮಗ್ಗಿ ಒಪ್ಪಿಸುತ್ತಿರುತ್ತದೆ.

ಈ ಆರು ವರ್ಷ ಬೆಳೆಗಾರ ಏನು ಮಾಡುತ್ತಾನೆ? ಏನೂ ಮಾಡುವುದಿಲ್ಲ. ನನಗೆ ಈ ಹಬ್ಬದ ಮೇಲೆ ಮೋಹ ಹುಟ್ಟಿದ್ದೇ ಈ ಕಾರಣಕ್ಕೆ. ಸವಾನ್ಯಾಂ ಎಂಬ ಬಿಳಿ ದ್ರಾಕ್ಷಿಯ ರಸ ಹುದುಗು ಬಂದು ವೈನಾದ ಮೇಲೆ ಅದನ್ನು ಓಕ್ ಮರದ ಪೀಪಾಯಿಗೆ ಸುರಿದು, ಅದರ ಪಾಡಿಗೆ ಅದನ್ನು ಬಿಟ್ಟುಬಿಡುತ್ತಾನೆ. ಮರದ ಮೂಲಕ ವೈನ್ ಆವಿಯಾಗುತ್ತಾ ಹೋಗುತ್ತದೆ. ಪೀಪಾಯಿಯಲ್ಲಿ ಖಾಲಿ ಜಾಗ ಬೆಳೆಯುತ್ತದೆ. ಬೇರೆ ಕಡೆಯ ಬಹುಪಾಲು ಬೆಳೆಗಾರರಿಗೆ ಇದನ್ನು ಕಂಡರೆ ಜೀವ ಹಾರಿಹೋಗುತ್ತದೆ. ಗಾಳಿ ತಗುಲಿದರೆ ವೈನ್ ಕೆಟ್ಟು ವಿನೆಗರ್ ಆದೀತೆಂದು ಅವರು ಆಗಾಗ ಪೀಪಾಯಿಯನ್ನು ಕಂಠಮಟ್ಟ ತುಂಬುತ್ತಲೇ ಇರುತ್ತಾರೆ. ಜೂರಾದವನು ಕೈಕಟ್ಟಿ ಕೂರುತ್ತಾನೆ. ಸೋಮಾರಿತನದಿಂದಲ್ಲ, ತುಂಬಬಾರದು ಎಂಬುದೇ ನಿಯಮ. ವೈನಿನ ಮೇಲ್ಮೈಯಲ್ಲಿ ಯೀಸ್ಟಿನ ತೆಳು ಪದರವೊಂದು ತಾನಾಗಿ ಹಬ್ಬಿಕೊಂಡು, ಗಾಳಿಯ ಅಬ್ಬರವನ್ನು ತಡೆದು ಬೇಕಾದಷ್ಟನ್ನೇ ಒಳಗೆ ಬಿಡುತ್ತದೆ. ಕೊಯ್ಲು ಕಳೆದು ಆರನೆಯ ವರ್ಷದ ಡಿಸೆಂಬರ್ 15ರವರೆಗೆ ವೈನ್ ಹೀಗೆ ಮಾಗಬೇಕು. ಸೂಕ್ಷ್ಮಜೀವಿಗಳನ್ನು ಬೆನ್ನಟ್ಟಿ ಹೆಸರಾದ ಲೂಯಿ ಪಾಶ್ಚರ್ ಬೆಳೆದದ್ದು ಇದೇ ಸೀಮೆಯ ಆರ್ಬ್ವಾ ಎಂಬ ಊರಿನಲ್ಲಿ. ಅದೇ ಊರಿನಲ್ಲಿ ಸೂಕ್ಷ್ಮಜೀವಿಗಳಿಗೆ ಹೀಗೆ ಆರು ವರ್ಷದ ಗುತ್ತಿಗೆ ಕೊಟ್ಟು ಕೂರುತ್ತಾರೆ.

ಅನ್ನಕ್ಕಿಟ್ಟ ಪಾತ್ರೆಯ ಮುಚ್ಚಳವನ್ನು ತೆಗೆತೆಗೆದು ನೋಡದಿದ್ದರೆ ನೆಮ್ಮದಿಯಿಲ್ಲದವರ ಪಂಗಡಕ್ಕೆ ಸೇರಿದವನು ನಾನು. ಕೈಗೆ ಕೆಲಸ ಕೊಟ್ಟರೆ ಮನಸ್ಸು ಸುಮ್ಮನಾಗುತ್ತದೆ; ಅನ್ನ ಹಾಳಾದರೆ ಆಗಲಿ. ಜೂರಾದವರಿಗೂ ಕೈ ತುರಿಸದೆ ಇರುತ್ತದೆಯೇ? ಅದಕ್ಕೆಂದೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ಪೀಪಾಯಿಯ ಮುಖದಲ್ಲಿ, ತಳದ ಹತ್ತಿರ, ಪುಟ್ಟ ನಲ್ಲಿಯೊಂದು ಇರುತ್ತದೆ. ಮೇಲಿನ ಪದರ ಅಲುಗದಂತೆ ಅದರಿಂದ ಸ್ವಲ್ಪ ಇಳಿಸಿಕೊಂಡು ಆಗಾಗ ಪರೀಕ್ಷಿಸುತ್ತಾರೆ. ಎಲ್ಲ ಪೀಪಾಯಿಗಳೂ ಪಾಸಾಗುವುದಿಲ್ಲ. ಕೆಲವದರಲ್ಲಿ ಹುಳಿ ಏರುತ್ತದೆ. ಅವನ್ನು ಬೇರೆ ದಾರಿಗೆ ಹಚ್ಚುತ್ತಾರೆ. ಕೈಕಟ್ಟಿ ಕೂತದ್ದಕ್ಕೆ ಹೀಗೆ ದಂಡವೂ ಉಂಟು.

ಪಾಸಾದದ್ದರಲ್ಲಿಯೂ ಪೂರ್ತಿ ಕೈಗೆ ಬರುವುದಿಲ್ಲ. ಒಂದು ಲೀಟರ್ ಇಟ್ಟರೆ ಕೊನೆಗೆ ಉಳಿಯುವುದು ಸುಮಾರು 62 ಸೆಂಟಿಲೀಟರ್ ಎಂದು ಅಲ್ಲಿನ ಲೆಕ್ಕ. ಉಳಿದದ್ದನ್ನು ದೇವತೆಗಳ ಪಾಲು ಎನ್ನುತ್ತಾರೆ. ಲೆಕ್ಕದಲ್ಲಿ ಕೊರತೆ ಬಂದಾಗ ದೇವರ ಖಾತೆಗೆ ಬರೆಯುವುದು ಎಲ್ಲ ದೇಶದ ಲೆಕ್ಕಿಗರಿಗೂ ತಿಳಿದ ವಿದ್ಯೆ. ಆದರೆ ಇವರು ಆ ಕೊರತೆಗೆ ಸರಿಯಾಗಿ ಸೀಸೆಯನ್ನೇ ಮಾಡಿಸಿಬಿಟ್ಟರು. ಕ್ಲಾವಲ್ಯಾಂ ಎಂಬ ಈ ಗಿಡ್ಡ, ಅಗಲ ಭುಜದ ಸೀಸೆ ಹಿಡಿಯುವುದು ಸರಿಯಾಗಿ 62 ಸೆಂಟಿಲೀಟರ್. ಯುರೋಪಿನ ಕಾನೂನು ವೈನ್ ಸೀಸೆಗಳಿಗೆಲ್ಲ ಇಂತಿಂಥದೇ ಅಳತೆ ಎಂದು ಗೆರೆ ಎಳೆದಾಗ, ಇದೊಂದಕ್ಕೆ ವಿನಾಯಿತಿ ಕೊಟ್ಟಿತು. ನಷ್ಟಕ್ಕೆ ಇಷ್ಟು ಗೌರವ ಸಿಕ್ಕ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಆರು ವರ್ಷ ಸುಮ್ಮನೆ ಕೂತವರು ಹಬ್ಬದ ಸರದಿ ತಮ್ಮ ಊರಿಗೆ ಬಂದಾಗ ಮಾತ್ರ ಸುಮ್ಮನಿರುವುದಿಲ್ಲ. ಹಬ್ಬಕ್ಕೆ ಒಂದೇ ಜಾಗವಿಲ್ಲ. ಅದು ಊರಿಂದೂರಿಗೆ ತಿರುಗುತ್ತದೆ. ಎಣಿಸಿದರೆ ನೂರಾರು ತಲೆಗಳಿರುವ ಹಳ್ಳಿಗೂ ಸಾವಿರಾರು ಜನ ಬಂದು ಇಳಿಯುತ್ತಾರೆ. ನೆಲಮಾಳಿಗೆ, ಕೊಟ್ಟಿಗೆ, ಕಾರು ನಿಲ್ಲಿಸುವ ಕೋಣೆ, ಎಲ್ಲವೂ ಖಾಲಿಯಾಗಿ ವೈನ್ ರುಚಿ ತೋರಿಸುವ ಮಳಿಗೆಗಳಾಗುತ್ತವೆ. ಒಳಬರುವಾಗಲೇ ಒಂದು ಲೋಟ ಕೊಟ್ಟುಬಿಡುತ್ತಾರೆ. ಅದನ್ನು ಕೊರಳಿಗೆ ನೇತುಹಾಕಿಕೊಂಡವರು ಮನೆಯಿಂದ ಮನೆಗೆ ಅಲೆಯುತ್ತಾರೆ. ನಿಲುವಂಗಿ ತೊಟ್ಟ ಸಂಘದವರು ಪೀಪಾಯಿಯನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆ ತೆಗೆಯುತ್ತಾರೆ, ಚರ್ಚಿನಲ್ಲಿ ಅದಕ್ಕೆ ಆಶೀರ್ವಾದವಾಗುತ್ತದೆ, ಭಾಷಣಗಳಾಗುತ್ತವೆ. ಪೀಪಾಯಿ ಅಷ್ಟು ವರ್ಷ ಕಾದದ್ದು ದೊಡ್ಡದಲ್ಲ, ಈ ಭಾಷಣಗಳು ಮುಗಿಯುವವರೆಗೆ ಕಾಯುವುದು ದೊಡ್ಡದು. ಆಮೇಲೆ ಸುತ್ತಿಗೆಯ ಏಟು, ಚಿಮ್ಮುವ ಹಳದಿ ಧಾರೆ, ಮುಂದಕ್ಕೆ ಚಾಚಿದ ಲೋಟಗಳು.

ರುಚಿಯ ವಿಷಯದಲ್ಲಿ ಮೊದಲೇ ಎಚ್ಚರಿಕೆ ಕೊಡುವುದು ಒಳ್ಳೆಯದು. ಹಣ್ಣಿನ ಸಿಹಿ ಬಯಸಿ ಬಂದವರ ಮುಖ ಮೊದಲ ಗುಟುಕಿಗೇ ಕಿವುಚುತ್ತದೆ. ಇದು ಸಿಹಿಯಿಲ್ಲದ ‘ಒಣ’ ವೈನ್, ಖಡಕ್ಕಾದದ್ದು. ಅಕ್ರೋಟು, ಸಾಂಬಾರ ಪದಾರ್ಥಗಳು, ಕರ್ರಿ ಪೌಡರ್ ಎಂದೆಲ್ಲ ಬಲ್ಲವರು ವರ್ಣಿಸುತ್ತಾರೆ. ಇದಕ್ಕೆ ಕಾರಣ ಸೋಟೊಲಾನ್ ಎಂಬ ರಾಸಾಯನಿಕ. ಮೆಂತ್ಯದ ಕಾಳಿಗೆ ಅದರ ವಾಸನೆ ಬಂದಿರುವುದೂ ಇದರಿಂದಲೇ. ಪ್ಯಾರಿಸ್ಸಿನ ಪಂಡಿತ ಕಣ್ಣು ಮುಚ್ಚಿ ‘ಪೂರ್ವದೇಶದ ನಿಗೂಢ ಪರಿಮಳ’ ಎಂದು ಉಸುರುವ ಜಾಗದಲ್ಲಿ ಕನ್ನಡದ ಮೂಗು ಥಟ್ಟನೆ ‘ಮೆಂತ್ಯ’ ಎಂದು ಹೇಳಿ ಮುಂದಿನ ಮಳಿಗೆಗೆ ಹೋಗಬಹುದು. ಜೊತೆಗೆ ತಿನ್ನಲು ಕೊಂತೆ ಎಂಬ ಚೀಸ್ ಕೊಡುತ್ತಾರೆ. ಇದೂ ಕಾದವರಿಗೇ ದಕ್ಕುವ ಪದಾರ್ಥ: ಕಡಿಮೆಯೆಂದರೆ ನಾಲ್ಕು ತಿಂಗಳು ಮಾಗಬೇಕು, ಒಳ್ಳೆಯದಕ್ಕೆ ವರ್ಷವೂ ಮೀರುತ್ತದೆ. ಮಾಂಸಾಹಾರಿಗಳಿಗೆ ಹೊಗೆಯಲ್ಲಿಟ್ಟ ಮೋರ್ತೋ ಸಾಸೇಜ್ ಉಂಟು, ಇದೇ ವೈನಿನಲ್ಲಿ ಬೆಂದ ಕೋಳಿ ಉಂಟು. ಆದರೆ ಚೀಸಿನ ಒಂದು ಚೂರನ್ನು ಬಾಯಲ್ಲಿಟ್ಟುಕೊಂಡು ಎರಡನೆಯ ಗುಟುಕು ಕುಡಿದರೆ ಮೊದಲಿನ ಗುಟುಕಿನ ಮೇಲಿದ್ದ ದೂರು ವಾಪಸಾಗುತ್ತದೆ.

ಏನೂ ಮಾಡದಿರುವುದರಲ್ಲಿಯೂ ಮೇಲ್ಪಂಕ್ತಿಯವರಿದ್ದಾರೆ. ಗುಡ್ಡದ ನೆತ್ತಿಯ ಮೇಲಿನ ಶಾತೊ ಶಾಲೋಂ ಊರಿನ ಹೆಸರಿನಲ್ಲಿ ಹೊರಬರುವುದು ಹಳದಿ ವೈನ್ ಮಾತ್ರ. ಕೊಯ್ಲಿಗೆ ಮುನ್ನ ತಜ್ಞರು ತೋಟಗಳನ್ನು ಸುತ್ತಿ ಹಣ್ಣನ್ನು ನೋಡುತ್ತಾರೆ. 1974, 1980, 1984 ಮತ್ತು 2001ರಲ್ಲಿ ಹಣ್ಣು ಯೋಗ್ಯವಲ್ಲವೆಂದು ಆ ಹೆಸರಿನ ವೈನನ್ನೇ ಮಾಡಲಿಲ್ಲ. ಹೆಸರು ಮಾರಾಟವಾಗುವ ಕಾಲದಲ್ಲಿ ಹೆಸರನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಸಣ್ಣ ಮಾತಲ್ಲ. ಅಲ್ಲಿನ ಬೆಳೆಗಾರನ ಹೆಂಡತಿ ಆ ವರ್ಷ ಏನೆಂದಳೋ, ಅದನ್ನು ಯಾರೂ ಬರೆದಿಟ್ಟಂತಿಲ್ಲ.

ಇಷ್ಟು ಕಾದು ಮಾಡಿದ ಮೇಲೆ ವೈನಿಗೂ ಅದೇ ಅಭ್ಯಾಸವಾಗಿಬಿಡುತ್ತದೆ. ಹಬ್ಬದಲ್ಲಿ ಹಳೆಯ ಸೀಸೆಗಳ ಹರಾಜೂ ನಡೆಯುತ್ತದೆ. 2011ರಲ್ಲಿ ಆರ್ಬ್ವಾದಲ್ಲಿ ನಡೆದ ಹರಾಜಿನಲ್ಲಿ 1774ರ ಸೀಸೆಯೊಂದು 57,000 ಯೂರೋಗೆ ಹೋಯಿತು. 2018ರಲ್ಲಿ, ಇನ್ನೊಂದು ಹರಾಜಿನಲ್ಲಿ, 1774ರದೇ ಮತ್ತೊಂದು ಸೀಸೆಗೆ 1,03,700 ಯೂರೋ ಬಂತು. 1774 ಎಂದರೆ ಹದಿನಾರನೆಯ ಲೂಯಿ ಪಟ್ಟಕ್ಕೆ ಬಂದ ವರ್ಷ. ದೊರೆಯ ತಲೆ 1793ರಲ್ಲಿ ಉರುಳಿತು. ಸೀಸೆಯ ಬಿರಡೆ ಮಾತ್ರ ಕದಲಲಿಲ್ಲ. 1774ರದೇ ಒಂದು ಸೀಸೆಯನ್ನು 1994ರಲ್ಲಿ ಆರ್ಬ್ವಾದಲ್ಲಿ ತೆರೆದು 24 ಮಂದಿ ಪರಿಣತರು ರುಚಿ ನೋಡಿದರು, ಹತ್ತಕ್ಕೆ 9.4 ಅಂಕ ಕೊಟ್ಟರು. 220 ವರ್ಷ ಕಾದು ಬಂದ ವೈನಿನಲ್ಲಿ 0.6 ಅಂಕ ಕತ್ತರಿಸಲು ಏನು ಕೊರತೆ ಕಂಡಿತೋ! ಆ ಗುಂಪಿನಲ್ಲಿ ಯಾರೋ ಒಬ್ಬರು ಖಂಡಿತ ಶಾಲಾ ಮೇಷ್ಟರ ಮನೆಯವರಿರಬೇಕು.