ಅಬ್ಬಿ ಫಾಲ್ಸ್, ದುಬಾರೆ, ಆಮೇಲೆ ಅನಾಥಾಲಯ

ಕೊಡಗಿನ ಎರಡು ದಿನದ ಪ್ಯಾಕೇಜ್ ಈಗ ಹೀಗಿದೆ. ಮೊದಲ ದಿನ ಅಬ್ಬಿ ಫಾಲ್ಸ್, ಸಂಜೆ ರಾಜಾಸೀಟ್. ಮರುದಿನ ಬೆಳಿಗ್ಗೆ ದುಬಾರೆ ಆನೆ. ವಾಪಸ್ ಹೋಗುವಾಗ ಟೈಮ್ ಉಳಿದರೆ ಒಂದು ಮಕ್ಕಳ ಮನೆ. ಅಲ್ಲಿ ಮಾತ್ರ ಇನ್ನೂ ಟಿಕೆಟ್ ಇಟ್ಟಿಲ್ಲ.

ಟಿಟಿ (ಟೆಂಪೊ ಟ್ರಾವೆಲರ್) ಗಾಡಿಯಿಂದ ಕೇಕ್ ಇಳಿಯುತ್ತದೆ. ಯಾರದೋ ಹುಟ್ಟುಹಬ್ಬ. ಮಕ್ಕಳನ್ನು ಸಾಲಾಗಿ ಕೂರಿಸಿ ಚಪ್ಪಾಳೆ ಹೊಡೆಸುತ್ತಾರೆ. ಅವರಲ್ಲಿ ಕೆಲವರಿಗೆ ತಾವು ಹುಟ್ಟಿದ ದಿನವೇ ಗೊತ್ತಿಲ್ಲ. ಕೇಕ್ ಬಾಯಿಗೆ ಹೋಗುವ ಮೊದಲೇ ಆಂಟಿಯೊಬ್ಬರು ಬಗ್ಗಿ ಕೇಳುತ್ತಾರೆ, ‘ಅಯ್ಯೋ ಪಾಪ, ಅಪ್ಪ ಅಮ್ಮ ಹೇಗೆ ಹೋದ್ರು ಪುಟ್ಟಾ?’ ಪುಟ್ಟ ತಲೆ ತಗ್ಗಿಸುತ್ತದೆ. ಅಂಕಲ್ ಅದನ್ನು ವಿಡಿಯೊ ಮಾಡುತ್ತಾರೆ.

ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಬಯಲು ಮಾಡಿದರೆ 6 ತಿಂಗಳವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ದಾನಿಗಳೇನು ದಡ್ಡರಲ್ಲ. ಮಕ್ಕಳ ಮುಖದ ಮೇಲೆ ಹಳದಿ ಇಮೋಜಿ ಅಂಟಿಸುತ್ತಾರೆ. ನಗುವ ಇಮೋಜಿ. ಹಿಂದಿನ ಬ್ಯಾನರ್‌ನಲ್ಲಿ ಸಂಸ್ಥೆಯ ಹೆಸರು, ಊರು, ಪಿನ್‌ಕೋಡ್ ಎಲ್ಲ ಇರುತ್ತದೆ, ಅದು ಬೇರೆ ಮಾತು.

ಇನ್ನು ಆನೆ ವಿಷಯ. ಕಾಡಿನಿಂದ ಹಿಡಿದು ತಂದ ಆನೆಯನ್ನು ಕ್ರಾಲ್‌ಗೆ, ಅಂದರೆ ಮರದ ದಿಮ್ಮಿಗಳ ದೊಡ್ಡಿಗೆ, ಹಾಕುತ್ತಾರೆ. ಅದಕ್ಕೊಬ್ಬ ಮಾವುತ, ಅವನ ಸಹಾಯಕ್ಕೆ ಒಬ್ಬ ಕಾವಾಡಿ. ಮೇವು ಹಾಕುವವರೂ ಅವರೇ, ಮಾತಾಡಿಸುವವರೂ ಅವರೇ. ವಾರಕ್ಕೊಬ್ಬ ಮಾವುತನನ್ನು ಬದಲಾಯಿಸಿ ನೋಡೋಣ ಅಂತ ಅರಣ್ಯ ಇಲಾಖೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಿಟ್ಟರೆ ಅವನನ್ನೇ ಮೊದಲು ಕ್ರಾಲ್ ಒಳಗೆ ಕಳಿಸಿಯಾರು. ಮಕ್ಕಳ ವಿಷಯದಲ್ಲಿ ಈ ಭಯ ಇಲ್ಲ. ಮಗು ತುಳಿಯುವುದಿಲ್ಲ ಅಲ್ವಾ? ಹಾಗಾಗಿ ನೋಡಿಕೊಳ್ಳುವ ಅಕ್ಕ ಗುತ್ತಿಗೆ ಮೇಲೆ. ಗುತ್ತಿಗೆ ಮುಗಿದರೆ ಹೊಸ ಅಕ್ಕ. ಆಪ್ತಸಮಾಲೋಚಕಿಯ ಹೆಸರು ಮಕ್ಕಳ ಬಾಯಿಗೆ ಹತ್ತುವಷ್ಟರಲ್ಲಿ ಅವರೂ ಬಿಟ್ಟು ಹೋಗಿರುತ್ತಾರೆ. ಪೆಟ್ಟು ತಿಂದು, ಹಸಿದು, ದೊಡ್ಡವರ ಮೇಲಿನ ನಂಬಿಕೆಯೇ ಹೋಗಿ ಬಂದ ಮಗುವಿಗೆ ಬೇಕಾದದ್ದು ದಿನಾ ಅದೇ ಮುಖ, ಅದೇ ಹೊತ್ತಿಗೆ ಊಟ, ಏನಾದರೂ ಬದಲಾಗುವುದಿದ್ದರೆ ಮೊದಲೇ ಒಂದು ಮಾತು. ನಾವು ಕೊಡುವುದು ವಾರಕ್ಕೊಂದು ಹೊಸ ಟಿಟಿ.

ಒಬ್ಬ ಹುಡುಗ ಊಟದ ಚಪಾತಿ ಮಡಚಿ ದಿಂಬಿನ ಕೆಳಗೆ ಇಡುತ್ತಾನೆ. ನಾಳೆಯದು ನಾಳೆ ಸಿಗುತ್ತದೆ ಅನ್ನುವುದನ್ನು ಅವನು ಇನ್ನೂ ನಂಬಿಲ್ಲ. ರಿಜಿಸ್ಟರ್‌ನಲ್ಲಿ ಇದಕ್ಕೆ ‘ಕಳ್ಳತನದ ಅಭ್ಯಾಸ’ ಎಂದು ಹೆಸರು. ಶೀಟ್ ಮೇಲೆ ಮಳೆ ಸದ್ದು ಜಾಸ್ತಿಯಾದ ರಾತ್ರಿ ಹುಡುಗಿಯೊಬ್ಬಳು ಚಪ್ಪಲಿ ಹಾಕಿಕೊಂಡೇ ಮಲಗುತ್ತಾಳೆ, ಓಡುವುದಕ್ಕೆ ಅನುಕೂಲ ಅಂತ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜಾರಿದ್ದನ್ನು ಕಂಡ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾ? ಬೇಕಂತೆ. ಅವಳದು ‘ಶಿಸ್ತಿಲ್ಲದ ನಡತೆ’. ಇಬ್ಬರನ್ನೂ ಸರಿಮಾಡಲು ಭಾನುವಾರ ಒಬ್ಬ ಭಾಷಣಕಾರರು ಬಂದು ‘ಹಿಂದಿನದೆಲ್ಲ ಮರೆತುಬಿಡಿ’ ಎಂದು ಒಂದೂವರೆ ಗಂಟೆ ಹೇಳಿ ಹೋಗುತ್ತಾರೆ.

ಪ್ರತಿ ಮಗುವಿಗೂ ಬೇರೆ ಬೇರೆ ಪಾಲನಾ ಯೋಜನೆ ಇರಬೇಕು ಅನ್ನುತ್ತದೆ ಕಾನೂನು. ಇದೆಯಲ್ಲ! ಭಾವನಾತ್ಮಕ ಅಗತ್ಯದ ಜಾಗದಲ್ಲಿ ಎಲ್ಲರಿಗೂ ಒಂದೇ ಸಾಲು: ‘ಆಪ್ತಸಮಾಲೋಚನೆ ನೀಡುವುದು’. ಯಾರು ಎಂದು ಕೇಳಬಾರದು.

ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಆಗಬೇಕು ಅನ್ನುವುದೂ ಅದೇ ಕಾಯ್ದೆ. ಅಜ್ಜಿಯೋ ಚಿಕ್ಕಮ್ಮನೋ ಸಾಕುತ್ತೇನೆ ಅಂದರೆ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ನೀವೂ ಹಾಗೆ ಒಂದು ಮಗುವಿನ ಖರ್ಚು ನೋಡಿಕೊಳ್ಳಬಹುದಲ್ಲ ಎಂದು ಕೇಕ್ ತಂದ ದಾನಿಯೊಬ್ಬರಿಗೆ ಹೇಳಿದೆ. ಅವರು ಒಪ್ಪಿಯೇ ಬಿಟ್ಟರು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು: ‘ಆದ್ರೆ ಸಾರ್, ಅಜ್ಜಿ ಇರೋದು ತೋಟದ ಲೈನ್‌ಮನೇಲಿ ಅಲ್ವಾ? ಅಲ್ಲಿ ಟಿಟಿ ತಿರುಗಿಸೋಕೆ ಜಾಗ ಇರುತ್ತಾ?’